ಹತ್ತೂ ಐದಕ್ಕೆ ಗೇಟ್ ಬಂದ್

ಬೆಳಿಗ್ಗೆ ಹತ್ತು ಗಂಟೆಗೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಹೂವಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಫೋನಿನ ಮುಂದೆ ಕೂರುತ್ತಾರೆ. ಒಂದು ಪೆನ್ನು ನೀಲಿ, ಒಂದು ಕೆಂಪು. ಫೋನಿನಲ್ಲಿ ಅವರು ನೋಡುವುದು ಶಿವಮೊಗ್ಗದ ವಿನೋಬನಗರದಲ್ಲಿ ಮಂಜುಶ್ರೀ ಎನ್ನುವ ಟೈಲರ್ ಬ್ಲೌಸ್ ಹೊಲಿಯುವುದನ್ನು. ಹೂವಪ್ಪನವರು ಇರುವುದು ಭದ್ರಾವತಿಯ ನ್ಯೂಟೌನಿನಲ್ಲಿ. ಅವರಿಗೆ ಮಂಜುಶ್ರೀ ಕಾಣುತ್ತಾಳೆಯೇ ಹೊರತು ಮಂಜುಶ್ರೀಗೆ ಇವರು ಕಾಣುವುದಿಲ್ಲ. ಈ ಸಂಗತಿಯನ್ನು ಅವರ ಹೆಂಡತಿ ಪುಷ್ಪಮ್ಮ ಬಹಳ ಸಲ ಹೇಳಿ ನೋಡಿದ್ದಾರೆ.

"ರೀ, ಬನಿಯನ್ನಲ್ಲಿ ಕೂತ್ರೂ ಆ ಕಡೆ ಯಾರಿಗೂ ಕಾಣಲ್ಲ ಕಣ್ರೀ."

"ಡ್ಯೂಟಿ ಅಂದ್ಮೇಲೆ ಡ್ಯೂಟಿ."

"ಬ್ಲೌಸ್ ನೋಡೋದು ಯಾವ ಡ್ಯೂಟಿ ಮಾರಾಯ್ರೇ?"

ಹೂವಪ್ಪನವರು ಜೇಬಿನ ಪೆನ್ನುಗಳನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಟೈಮ್ ಆಫೀಸಿನವರು ಗೇಟಿನ ಬಳಿ ನಿಂತಾಗ ಮನೆಯವರ ಜೊತೆ ಮಾತಾಡುವ ಪದ್ಧತಿ ಇಲ್ಲ.

ಹೊಳೆಹೊನ್ನೂರು ಕಡೆಯ ಭತ್ತದ ಗದ್ದೆಯಿಂದ ಎದ್ದು ಬಂದ ಹೂವಪ್ಪನವರು ಮೂವತ್ನಾಲ್ಕು ವರ್ಷ ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಹಿಡಿದವರು. ಗೇಟಿನ ಪಕ್ಕದಲ್ಲಿ ಒಂದು ದೊಡ್ಡ ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಅದಕ್ಕೆ ಟೋಕನ್ ಎನ್ನುತ್ತಿದ್ದರು. ಕೆಲಸಗಾರ ಬಂದವನು ತನ್ನ ನಂಬರಿನ ಟೋಕನ್ ತೆಗೆದು ಡಬ್ಬಿಗೆ ಹಾಕಬೇಕು. ಸೈರನ್ ಆದ ಐದು ನಿಮಿಷಕ್ಕೆ ಡಬ್ಬಿಗೆ ಬೀಗ. ಆಮೇಲೆ ಬಂದವನು ತಡ. ಮೂರು ತಡಕ್ಕೆ ಅರ್ಧ ದಿನ ಗೈರು. ಜನರಲ್ ಮ್ಯಾನೇಜರನ ಕಾರು ಬಂದರೂ ಎದ್ದು ನಿಲ್ಲದ ಹೂವಪ್ಪ, ಆ ಐದನೇ ನಿಮಿಷಕ್ಕೆ ಮಾತ್ರ ಎದ್ದು ನಿಂತು ಬೀಗ ಹಾಕುತ್ತಿದ್ದರು. ನಿವೃತ್ತಿಯ ದಿನ ಕಾರ್ಖಾನೆಯವರು ಯೋಚಿಸಿ ಯೋಚಿಸಿ ಅವರಿಗೆ ಗೋಡೆ ಗಡಿಯಾರ ಕೊಟ್ಟರು. ಮೀನುಗಾರನಿಗೆ ಬಂಗುಡೆ ಉಡುಗೊರೆ ಕೊಟ್ಟ ಹಾಗೆ.

ಆ ಗಡಿಯಾರದ ಕೆಳಗೆ ಏಳು ವರ್ಷ ಅವರು ಸುಮ್ಮನೆ ಕೂತಿದ್ದರು. ಯಾರೂ ತಡವಾಗಿ ಬರುತ್ತಿರಲಿಲ್ಲ, ಏಕೆಂದರೆ ಯಾರೂ ಬರುತ್ತಿರಲಿಲ್ಲ.

ಮಂಜುಶ್ರೀ ದಿನಾ ಹತ್ತಕ್ಕೆ ಶುರುಮಾಡುವ ಈ ಲೈವನ್ನು ಮೊದಲು ನೋಡುತ್ತಿದ್ದವರು ಪುಷ್ಪಮ್ಮ. ಯಾವುದೋ ಕತ್ತಿನ ಡಿಸೈನು ಬೇಕಾಗಿತ್ತಂತೆ. ಒಂದು ದಿನ ಹಾಲು ಉಕ್ಕಿತು ಎಂದು ಫೋನನ್ನು ಗಂಡನ ಕೈಗೆ ತುರುಕಿ ಒಳಗೆ ಓಡಿದರು. ಹೂವಪ್ಪನವರು ಫೋನನ್ನು ಸತ್ತ ಹಲ್ಲಿ ಹಿಡಿದ ಹಾಗೆ ಹಿಡಿದುಕೊಂಡು ನೋಡಿದರೆ, ಒಬ್ಬ ಹೆಣ್ಣುಮಗಳು ಮಿಷನ್ನಿನ ಮುಂದೆ ಕೂತು ತೋಳು ಜೋಡಿಸುತ್ತಿದ್ದಾಳೆ. ಟಕಟಕ ಸದ್ದು. ಇದ್ದಕ್ಕಿದ್ದಂತೆ ಟಕ್ ಎಂದು ಸೂಜಿ ಮುರಿಯಿತು. "ಅಯ್ಯೋ" ಎಂದಳು ಆಕೆ. ಕೆಳಗೆ ಸಾಗರದಿಂದ, ತರೀಕೆರೆಯಿಂದ, ಮಸ್ಕತ್‌ನಿಂದ ಸಾಲಾಗಿ "ಅಯ್ಯೋ", "ಅಯ್ಯಯ್ಯೋ", "ಕೈಗೆ ಚುಚ್ತಾ?" ಎಂದು ಬಂದವು. ಹೂವಪ್ಪನವರೂ ಬಾಯಿಬಿಟ್ಟು "ಅಯ್ಯೋ" ಎಂದರು. ಆಮೇಲೆ ಸುತ್ತ ನೋಡಿಕೊಂಡರು.

ಮರುದಿನ ಹತ್ತಕ್ಕೆ ಸರಿಯಾಗಿ ಹೆಂಡತಿಯ ಹಿಂದೆ ಬಂದು ನಿಂತು, ಪೇಪರ್ ಓದುವವರ ಹಾಗೆ ಮುಖ ಬೇರೆ ಕಡೆ ಮಾಡಿಕೊಂಡು ಕೇಳಿದರು: "ಆ ಹುಡುಗಿ ಬೇರೆ ಸೂಜಿ ಹಾಕಿದ್ಲಾ?"

ಜನ ಇದನ್ನೆಲ್ಲ ಯಾಕೆ ನೋಡುತ್ತಾರೆ ಎಂದು ತಿಳಿದವರು ತಲೆ ಕೆಡಿಸಿಕೊಳ್ಳುತ್ತಾರೆ. ಅದೇ ಹೊಲಿಗೆಯನ್ನು ಮೊದಲೇ ಚಿತ್ರಿಸಿಟ್ಟು, ಸೂಜಿ ಮುರಿದದ್ದನ್ನು ಕತ್ತರಿಸಿ, ಹಿಂದೆ ಕೊಳಲು ಊದಿಸಿ ಹಾಕಿದರೆ ಹನ್ನೆರಡು ನಿಮಿಷಕ್ಕೆ ಬ್ಲೌಸ್ ಮುಗಿಯುತ್ತದೆ. ಅದನ್ನು ಯಾವಾಗ ಬೇಕಾದರೂ ನೋಡಬಹುದು. ಯಾವಾಗ ಬೇಕಾದರೂ ನೋಡಬಹುದು ಎಂಬ ಕಾರಣಕ್ಕೇ ಯಾರೂ ನೋಡುವುದಿಲ್ಲ. ಲೈವ್‌ನಲ್ಲಿ ಹಾಗಲ್ಲ, ಅಲ್ಲಿ ಕೆಲಸವೇ ಸಾಗುವುದಿಲ್ಲ. ಗಿರಾಕಿ ಬಂದು ಲೈನಿಂಗ್ ಬಟ್ಟೆಯ ಬಣ್ಣಕ್ಕೆ ಜಗಳ ತೆಗೆಯುತ್ತಾರೆ. ಕರೆಂಟು ಹೋಗುತ್ತದೆ. ಹುಕ್ಕು ಕೈಜಾರಿ ಬಿದ್ದು ಮಾಯವಾಗುತ್ತದೆ. ನಲವತ್ತು ಜನ ನಲವತ್ತು ಊರುಗಳಲ್ಲಿ ಕೂತು "ಸ್ಟೂಲಿನ ಕೆಳಗೆ ನೋಡಿ ಅಕ್ಕಾ" ಎಂದು ಬರೆಯುತ್ತಾರೆ. ಅವರಿಗೆ ಸ್ಟೂಲು ಕಾಣುತ್ತಿರುವುದಿಲ್ಲ. ಆದರೂ ಹುಕ್ಕು ಸ್ಟೂಲಿನ ಕೆಳಗೇ ಸಿಕ್ಕಾಗ ನಲವತ್ತು ಮನೆಗಳಲ್ಲಿ ಆಗುವ ಸಂತೋಷ ಇದೆಯಲ್ಲ, ಅದನ್ನು ಕೊಳಲು ಊದಿ ತರಲಾಗುವುದಿಲ್ಲ.

ಒಂದು ವಾರ ಹಿಂದೆ ನಿಂತು ನೋಡಿದ ಮೇಲೆ ಹೂವಪ್ಪನವರು ತಾವೂ ಒಂದು ಕಾಮೆಂಟು ಹಾಕುವ ನಿರ್ಧಾರಕ್ಕೆ ಬಂದರು. ತಮ್ಮ ಫೋನಿನಲ್ಲಿ, 'ಹೂವಪ್ಪ ಭದ್ರಾವತಿ' ಎಂಬ ಹೆಸರಿನಲ್ಲಿ, ಒಂದೇ ಪದ: "ಹಾಜರ್". ಅದನ್ನು ಒತ್ತಲು ಆರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮಂಜುಶ್ರೀ ಒಂದು ತೋಳು ಮುಗಿಸಿದ್ದಳು. ದಾರ ಕಚ್ಚಿ ತುಂಡರಿಸಿ, ಫೋನಿನ ಕಡೆ ಬಗ್ಗಿ ಓದಿದಳು:

"ಹೂವಪ್ಪ ಅಂತೆ, ಭದ್ರಾವತಿಯಿಂದ, ಹಾಜರ್ ಅಂತಿದಾರೆ. ಬನ್ನಿ ಅಂಕಲ್, ಕೂತ್ಕೊಳ್ಳಿ."

ಮೂವತ್ನಾಲ್ಕು ವರ್ಷ ಊರವರ ಹೆಸರನ್ನೆಲ್ಲ ಕೂಗಿದ ಮನುಷ್ಯ. ಅವರ ಹೆಸರನ್ನು ಹೀಗೆ ಬೆಳಿಗ್ಗೆ ಹತ್ತು ಗಂಟೆಗೆ ಯಾರೂ ಕೂಗಿರಲಿಲ್ಲ. ಕೂತೇ ಇದ್ದ ಹೂವಪ್ಪನವರು ಎದ್ದು, ಮತ್ತೊಮ್ಮೆ ಕೂತರು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಒಮ್ಮೆ ಯಾವನೋ ಲೈವ್‌ಗೆ ಬಂದು ಅಸಹ್ಯವಾಗಿ ಏನೋ ಬರೆದ. ಮಂಜುಶ್ರೀ ಮುಖ ಸಣ್ಣದಾಯಿತು. ಹೂವಪ್ಪನವರು ಹಲ್ಲು ಕಚ್ಚಿ, ಒಂದೊಂದೇ ಅಕ್ಷರ ಒತ್ತಿ, "ಗೇಟಿನಿಂದ ಹೊರಗೆ ನಡಿ" ಎಂದು ಬರೆದರು. ಅವರು ಬರೆದು ಮುಗಿಸುವ ಹೊತ್ತಿಗೆ ಅವನು ಹೋಗಿ ಬಹಳ ಹೊತ್ತಾಗಿತ್ತು. ಆದರೆ ಮಂಜುಶ್ರೀಗೆ ಅದು ಹಿಡಿಸಿತು. ಅಂಥವರನ್ನು ಹೊರಗೆ ಹಾಕುವ ಅಧಿಕಾರವನ್ನು ಅವರಿಗೇ ಕೊಟ್ಟಳು. ಅದರ ಗುರುತಾಗಿ ಅವರ ಹೆಸರಿನ ಪಕ್ಕ ಒಂದು ಪುಟ್ಟ ಸ್ಪ್ಯಾನರ್ ಚಿತ್ರ ಬಂತು.

ಬೇರೆ ಊರಿನವರಿಗೆ ಅದು ಬರೀ ಚಿತ್ರ. ಭದ್ರಾವತಿಯವರಿಗೆ ಸ್ಪ್ಯಾನರ್ ಎಂದರೆ ಫಿಟ್ಟರುಗಳ ಸೊತ್ತು, ಒಳಗಿನ ಕೆಲಸದವರ ಹೆಮ್ಮೆ. ಗೇಟಿನಲ್ಲಿ ಕೂತವರಿಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ನಿವೃತ್ತಿಯಾಗಿ ಏಳು ವರ್ಷದ ಮೇಲೆ ಹೂವಪ್ಪನವರಿಗೆ ಪ್ರಮೋಷನ್ ಸಿಕ್ಕಿತ್ತು. ಅಂದು ಸಂಜೆ ವಾಕಿಂಗಿಗೆ ಹೋದಾಗ ಎದುರು ಸಿಕ್ಕ ಐದು ಜನರಿಗೆ ಫೋನ್ ತೋರಿಸಿದರು.

ಮರುದಿನವೇ ಹಾಜರಿ ಪುಸ್ತಕ ಬಂತು. ಖಾಯಂ ನೋಡುವವರಿಗೆಲ್ಲ ಟೋಕನ್ ನಂಬರ್. ಒಂದು, ಅವರೇ. ಎರಡು, ಪುಷ್ಪಮ್ಮ, ಕೇಳದೆಯೇ ಕೊಟ್ಟದ್ದು. ಒಂಬತ್ತು, ಹಳೇ ಕಾರ್ಖಾನೆಯ ಕಲ್ಲಪ್ಪ. ಈತ ಗೆಳೆಯರ ಟೋಕನ್ನುಗಳನ್ನು ತಾನೇ ಡಬ್ಬಿಗೆ ಹಾಕಿ ಹಾಜರಿ ಕೊಡಿಸುತ್ತಿದ್ದ ಆಸಾಮಿ. ಬ್ಲೌಸಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ, ಹೂವಪ್ಪನವರನ್ನು ಗೋಳು ಹೊಯ್ದುಕೊಳ್ಳುವುದಕ್ಕೆಂದೇ ಬಂದವನು.

ಇದು ಹುಚ್ಚಾಟ ಎಂದು ಜನ ಬಿಟ್ಟುಹೋಗುತ್ತಾರೆ ಎಂದು ಪುಷ್ಪಮ್ಮ ಕಾದರು. ಜನ ಹೋಗಲಿಲ್ಲ. "ಅಂಕಲ್, ನನಗೂ ಒಂದು ಟೋಕನ್" ಎಂದು ಸಾಲು ನಿಂತರು. ಒಂದು ದಿನ ಬಾರದಿದ್ದರೆ ಮರುದಿನ "ಟೋಕನ್ ಹದಿನಾರು, ನಿನ್ನೆ ಯಾಕೆ ಗೈರು?" ಎಂದು ಕೇಳುವವರು ಒಬ್ಬರಿದ್ದಾರೆ ಎಂದಾದರೆ ಮನುಷ್ಯ ಮಸ್ಕತ್‌ನಿಂದಲೂ ಎದ್ದು ಬರುತ್ತಾನೆ. ಹದಿನಾರು ನಂಬರಿನಾಕೆ ನೆಗಡಿಗೆ ರಜಾ ಅರ್ಜಿಯನ್ನೇ ಬರೆದಳು. ಹೂವಪ್ಪನವರು ಮಂಜೂರು ಮಾಡಿದರು.

ಮಂಜೂರು ಮಾಡಿ ಮಾಡಿ ತಲೆಗೆ ಏರಿತು. ಹತ್ತು ಗಂಟೆ ಐದು ನಿಮಿಷಕ್ಕೆ "ಗೇಟ್ ಬಂದ್" ಎಂದು ಬರೆಯಲು ಶುರುಮಾಡಿದರು. ಆಮೇಲೆ ಬಂದವರಿಗೆ ಕೆಂಪು ಪೆನ್ನಿನಲ್ಲಿ ತಡ. ಮೂರು ತಡಕ್ಕೆ ಅರ್ಧ ದಿನ. ಬಹಳ ಜನ ನಕ್ಕರು. ಕಲ್ಲಪ್ಪನಂತೂ ಬೇಕೆಂದೇ ಹತ್ತೂ ಆರಕ್ಕೆ ಬಂದು "ಗೋಡೆ ಹಾರಿ ಬಂದೆ ಕಣೋ ಮಾರಾಯ" ಎಂದು ಬರೆಯುತ್ತಿದ್ದ.

ನಗದಿದ್ದವಳು ಟೋಕನ್ ಇಪ್ಪತ್ತಮೂರು, ಗಾಜನೂರಿನ ಅನುಷಾ. ತುಂಬಿದ ಬಸುರಿಯಾಗಿ ತವರಿಗೆ ಬಂದವಳು, ದಿನಾ ಒಂಬತ್ತು ಐವತ್ತೆಂಟಕ್ಕೇ ಬಂದು ಕಾಯುತ್ತಿದ್ದ ಹುಡುಗಿ. ಹೆರಿಗೆಯಾದಾಗ ಹೂವಪ್ಪನವರು ಹದಿನೈದು ದಿನ ಹೆರಿಗೆ ರಜೆ ಕೊಟ್ಟು, ಅದಕ್ಕೆಂದೇ ಒಂದು ಹಸಿರು ಪೆನ್ನು ಕೊಂಡು ಬರೆದಿದ್ದರು. ರಜೆ ಮುಗಿಸಿ ಬಂದವಳು ಮೊದಲ ದಿನ ಹತ್ತೂ ಇಪ್ಪತ್ತಕ್ಕೆ ಬಂದಳು. ತಡ. ಮರುದಿನ ಹತ್ತೂ ಇಪ್ಪತ್ತೆರಡು. ತಡ. ಮೂರನೇ ದಿನ ಹತ್ತೂ ಹತ್ತೊಂಬತ್ತು. "ಟೋಕನ್ 23, ಅರ್ಧ ದಿನ" ಎಂದು ಎಲ್ಲರೆದುರು ಬರೆದರು ಹೂವಪ್ಪನವರು. "ಸಾರಿ ಅಂಕಲ್" ಎಂದು ಬರೆದಳು ಅನುಷಾ. ನಾಲ್ಕನೇ ದಿನದಿಂದ ಅವಳ ಹೆಸರೇ ಇಲ್ಲ.

ವಿಚಿತ್ರವೆಂದರೆ, ಆಮೇಲೆ ಹೂವಪ್ಪನವರ ಲೆಕ್ಕ ಕೂಡಿಬರಲಿಲ್ಲ. ಪುಸ್ತಕದಲ್ಲಿ ನಲವತ್ತೊಂದು ಹಾಜರಿ ಇದ್ದರೆ, ಹತ್ತೂಕಾಲು ದಾಟಿದ ಮೇಲೆ ನೋಡುತ್ತಿರುವವರು ನಲವತ್ತೆರಡು ಎಂದು ಫೋನು ತೋರಿಸುತ್ತಿತ್ತು. ದಿನಾ ಒಬ್ಬರು ಹೆಚ್ಚು. ಯಾರೋ ಬೇರೆ ಟೈಲರ್ ಕಡೆಯ ಗೂಢಚಾರ ಎಂದು ಸಂಶಯಪಟ್ಟು, ಕೊನೆಯ ಪುಟದಲ್ಲಿ "ಅಪರಿಚಿತ" ಎಂದು ಗುರುತು ಹಾಕುತ್ತ ಬಂದರು.

ಹತ್ತನೇ ದಿನ ಲೈವ್ ಮುಗಿದ ಮೇಲೆ ಮಂಜುಶ್ರೀಯೇ ಫೋನ್ ಮಾಡಿದಳು.

"ಅಂಕಲ್, ಮೊನ್ನೆ ಅನುಷಾಂದೇ ಬ್ಲೌಸ್ ಹೊಲಿದೆ, ಮಗೂದು ತೊಟ್ಟಿಲು ಶಾಸ್ತ್ರಕ್ಕೆ ಅಂತ ಬಟ್ಟೆ ಕಳ್ಸಿದ್ಲು. ಚೆನ್ನಾಗಿದೆ ಅಂತ ಒಂದು ಮಾತೂ ಬರೀಲಿಲ್ಲ. ನೀವು ಅವಳಿಗೆ ಏನಂದ್ರಿ?"

"ನಾನೇನೂ ಅನ್ಲಿಲ್ಲಮ್ಮ. ಮೂರು ಸಲ ತಡ ಆಗಿತ್ತು. ರೂಲ್ಸು."

"ಯಾರ್ ಮಾಡಿದ ರೂಲ್ಸು?"

"...ನಾನೇ."

"ಅಂಕಲ್, ಇಲ್ಲಿಗೆ ಬರೋರು ಸಂಬಳಕ್ಕೆ ಬರ್ತಾರಾ? ಆರು ವರ್ಷ ಈ ಅಂಗಡೀಲಿ ಗೋಡೆ ನೋಡ್ಕೊಂಡು ಹೊಲಿದಿದೀನಿ ನಾನು. ಈಗ ನೀವೆಲ್ಲ ಬರ್ತೀರಿ ಅಂತ ಬೆಳಿಗ್ಗೆ ಖುಷೀಲಿ ಬಾಗ್ಲು ತೆಗೀತೀನಿ. ಬಾಣಂತೀನ ಗೇಟಿಂದ ಹೊರಗೆ ನಿಲ್ಸಿದ್ರೆ ನಂಗೆ ಸರಿ ಹೋಗಲ್ಲ. ಅವಳು ವಾಪಸ್ ಬಂದ್ರೆ ಸ್ಪ್ಯಾನರ್ ನಿಮ್ಮತ್ರ ಇರ್ಲಿ. ಇಲ್ದಿದ್ರೆ ಸೋಮವಾರ ತೆಗೀತೀನಿ. ಬೇಜಾರ್ ಮಾಡ್ಕೋಬೇಡಿ."

ಹೂವಪ್ಪನವರು ಅಂದು ಊಟಕ್ಕೆ ಕೂತು ಸಾರಿಗೆ ಮಜ್ಜಿಗೆ ಹಾಕಿಕೊಂಡರು. ಪುಷ್ಪಮ್ಮ ನೋಡಿದರು.

"ಕಾರ್ಖಾನೆಯಲ್ಲಿ ಗೈರಾದೋರ ಮನೆಗೆ ಹೋಗಿ ವಿಚಾರಿಸ್ತಿದ್ರಲ್ಲ, ಈಗ್ಲೂ ಹೋಗಿ."

"ಅದು ಆಫೀಸ್ ಆರ್ಡರ್ ಮೇಲೆ ಹೋಗ್ತಿದ್ದಿದ್ದು."

"ಇದು ಮನೆ ಆರ್ಡರ್. ಒಬ್ರೇ ಹೋದ್ರೆ ಬಾಗ್ಲು ಹಾಕ್ಕೋತಾರೆ, ನಾನೂ ಬರ್ತೀನಿ."

ಶನಿವಾರ ಏಳೂವರೆ ಬಸ್ಸಿಗೆ ಗಂಡ ಹೆಂಡತಿ ಹೊರಟರು. ವಿನೋಬನಗರದಲ್ಲಿ ಇಳಿದು ಮಂಜುಶ್ರೀ ಬಳಿ ಅನುಷಾಳ ಬ್ಲೌಸನ್ನೂ ಮನೆಯ ವಿಳಾಸವನ್ನೂ ಇಸಿದುಕೊಂಡರು. ಉಳಿದ ಅದೇ ಬಟ್ಟೆಯಲ್ಲಿ ಮಂಜುಶ್ರೀ ಮಗುವಿಗೊಂದು ಕುಲಾವಿ ಹೊಲಿದಿಟ್ಟಿದ್ದಳು. ಹೂವಪ್ಪನವರನ್ನು ಎದುರಿಗೆ ನೋಡಿದ್ದು ಅವಳು ಅದೇ ಮೊದಲು. "ಅಂಕಲ್, ನೀವು ಇಷ್ಟು ಸಣ್ಣಕ್ಕಿದೀರಾ? ಕಾಮೆಂಟ್ ನೋಡಿ ದಪ್ಪ ಮೀಸೆ ಇದೆ ಅಂದ್ಕೊಂಡಿದ್ದೆ" ಎಂದಳು. ಹೂವಪ್ಪನವರು ಫೋನಿನಲ್ಲಿ ಗಂಟೆ ನೋಡಿಕೊಂಡರು. ಅವರ ಯೋಜನೆ ಸರಳವಾಗಿತ್ತು: ಒಂಬತ್ತೂವರೆಗೆ ಗಾಜನೂರು, ಹತ್ತು ನಿಮಿಷ ವಿಚಾರಣೆ, ಹತ್ತಕ್ಕೆ ಅಲ್ಲೇ ಎಲ್ಲಾದರೂ ಕೂತು ಹಾಜರಿ. ಪುಸ್ತಕವನ್ನು ಬ್ಯಾಗಿನಲ್ಲಿ ತಂದಿದ್ದರು.

ಅಣೆಕಟ್ಟಿನ ದಾರಿಯ ಆ ಮನೆ ತಲುಪಿದಾಗ ಒಂಬತ್ತೂಮುಕ್ಕಾಲು. ಜಗಲಿಯವರೆಗೂ ಸಾಂಬ್ರಾಣಿ ಹೊಗೆ. "ಮಂಜುಶ್ರೀ ಟೈಲರ್ ಕಡೆಯೋರು" ಎಂದು ಪುಷ್ಪಮ್ಮ ಹೇಳಿದ್ದೇ ತಡ, ಅನುಷಾಳ ತಾಯಿ "ಅಯ್ಯೋ, ಲೈವ್‌ನೋರಾ! ಬನ್ನಿ ಬನ್ನಿ" ಎಂದು ಪುಷ್ಪಮ್ಮನವರನ್ನು ನೇರ ಬಾಣಂತಿ ಕೋಣೆಗೆ ಕರೆದೊಯ್ದರು. ಹೂವಪ್ಪನವರು ಜಗಲಿಯ ಬೆಂಚಿನ ಮೇಲೆ ಕೂತು ಫೋನ್ ತೆಗೆದರು. ಸಿಗ್ನಲ್ ಒಂದೇ ಕಡ್ಡಿ.

ಒಳಗಿನ ಬಚ್ಚಲಲ್ಲಿ ಮಗುವಿನ ಸ್ನಾನ ನಡೆದಿತ್ತು. ನೀರು ಹೊಯ್ಯುವ ಅಜ್ಜಿ, ಬಾಗಿಲಿಗೆ ಬೆನ್ನು ಮಾಡಿ, ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ಮಗು ಸೈರನ್ನಿನಂತೆ ಅಳುತ್ತಿತ್ತು. ಬಿಸಿನೀರು, ಮತ್ತೆ ಬಿಸಿನೀರು, ಹೊಗೆ, ಕಾಡಿಗೆ. ಯಾವುದಕ್ಕೂ ಅವಸರವಿಲ್ಲ. ಕೊನೆಗೆ ಮಗುವನ್ನು ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿ ಅಜ್ಜಿ ಹೊರಬಂದಳು. ಸುತ್ತ ನೋಡಿದಳು. ಮನೆಯವರೆಲ್ಲ ಬಾಣಂತಿಗೆ ನೀರು ಹೊಯ್ಯುವ ಸಿದ್ಧತೆಯಲ್ಲಿದ್ದರು. ಖಾಲಿ ಕೂತಿದ್ದವರು ಒಬ್ಬರೇ.

"ಏ ಅಣ್ಣ, ಹಿಡ್ಕೋ. ಬಾಣಂತಿ ಮೀಯೋದು ಮುಗಿಯೋ ತನಕ. ಅಲ್ಲಾಡಬೇಡ, ಈಗ ತಾನೇ ಕಣ್ಣು ಮುಚ್ಚಿದೆ."

"ಅಮ್ಮಾ, ನಂದು ಡ್ಯೂಟಿ..."

ಅಜ್ಜಿ ಆಗಲೇ ಒಳಗೆ ಹೋಗಿದ್ದಳು.

ಹೂವಪ್ಪನವರ ಎರಡೂ ಕೈ ಮಗುವಿನ ಕೆಳಗೆ. ಫೋನು ಬೆಂಚಿನ ಮೇಲೆ, ಒಂದು ಮೊಳ ದೂರದಲ್ಲಿ. ಹತ್ತು ಗಂಟೆ. ಹತ್ತೂ ಎರಡು. ಫೋನು ಗುಂಯ್‌ಗುಟ್ಟಿತು, ಮಂಜುಶ್ರೀ. ಎತ್ತಿಕೊಳ್ಳೋಣ ಎಂದು ಮೊಣಕೈ ಅಲ್ಲಾಡಿಸಿದರೆ ಮಗು ಹುಬ್ಬು ಗಂಟಿಕ್ಕಿತು. ನಿಲ್ಲಿಸಿದರು. ಹತ್ತೂ ಐದು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಗೇಟಿನ ಹೊರಗಿದ್ದರು. ಬಿಸಿನೀರಿನ, ಬಜೆಯ, ಹೊಗೆಯ ವಾಸನೆಯ ಒಂದು ಗಂಟು ಅವರ ಇಸ್ತ್ರಿ ಅಂಗಿಗೆ ಮೂಗು ಒತ್ತಿ ಮಲಗಿತ್ತು. ಹತ್ತೂ ಹನ್ನೆರಡಕ್ಕೆ ಮತ್ತೆ ಫೋನು ಗುಂಯ್ ಎಂದಿತು. ಈ ಸಲ ಅವರು ಅದರ ಕಡೆ ನೋಡಲೂ ಇಲ್ಲ. ಗಂಟಿನ ಬಾಯಿ ಯಾಕೋ ನಗುತ್ತಿತ್ತು, ನಿದ್ದೆಯಲ್ಲೇ.

ಹತ್ತೂ ಇಪ್ಪತ್ತಕ್ಕೆ ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಹಿಂದೆ ಪುಷ್ಪಮ್ಮ.

"ಅಯ್ಯೋ ಅಂಕಲ್, ನಿಮ್ಮತ್ರ ಕೊಟ್ಬಿಟ್ರಾ? ದಿನಾ ಹೀಗೇ. ಇದರ ನೀರು, ಆಮೇಲೆ ನನ್ನ ನೀರು. ಅಷ್ಟರಲ್ಲಿ ಹತ್ತೂ ಇಪ್ಪತ್ತಾಗುತ್ತೆ."

"ಹೇಳ್ಬೇಕಿತ್ತಮ್ಮ," ಎಂದರು ಹೂವಪ್ಪನವರು, ಧ್ವನಿ ತಗ್ಗಿಸಿ. ಮಗು ಇನ್ನೂ ಅವರ ಕೈಯಲ್ಲೇ ಇತ್ತು. "ಕೋಪ ಮಾಡ್ಕೊಂಡು ಬಿಟ್ಟೇ ಬಿಟ್ಯಲ್ಲ."

"ಎಲ್ಲಿ ಬಿಟ್ಟೆ? ದಿನಾ ಬರ್ತೀನಲ್ಲ!"

"ಹಾಜರಿ ಇಲ್ಲ?"

"ಗೇಟ್ ಹಾಕಿದ್ಮೇಲೆ ಒಳಗೆ ಬರಬಾರ್ದಲ್ಲ ಅಂಕಲ್. ಅದಕ್ಕೆ ಕಾಮೆಂಟ್ ಹಾಕ್ದೆ ಸುಮ್ನೆ ಹೊರಗಿಂದ ನೋಡ್ತಿದ್ದೆ. ನನ್ ಬ್ಲೌಸ್ ಹೊಲಿದಾಗ ಎಷ್ಟು ಚೆನ್ನಾಗಿದೆ ಅಂತ ಬರೆಯೋಕೆ ಕೈ ತುರಿಸ್ತು. ಅರ್ಧ ದಿನ ಆಗ್ಬಿಟ್ಟಿದೆಯಲ್ಲ ಅಂತ ಸುಮ್ನಾದೆ. ಈ ಕೋಣೆಯಲ್ಲಿ ಬಾಗ್ಲು ಹಾಕ್ಕೊಂಡು ಕೂತಿರೋಳಿಗೆ ಅದೊಂದೇ ಅಲ್ವಾ ಅಂಕಲ್, ಹೊರಗಿನ ಜನದ ಸದ್ದು."

ಹೂವಪ್ಪನವರಿಗೆ ಆ ನಲವತ್ತೆರಡನೇ ಅಪರಿಚಿತನ ಗುರುತು ಸಿಕ್ಕಿತು. ಮೂವತ್ನಾಲ್ಕು ವರ್ಷ ಅವರ ಗೇಟನ್ನು ಜನ ಹಾರಿದ್ದಾರೆ, ನುಸುಳಿದ್ದಾರೆ, ಒಬ್ಬರ ಟೋಕನ್ ಇನ್ನೊಬ್ಬರು ಹಾಕಿದ್ದಾರೆ. ಅವರು ಹಾಕಿದ ಬೀಗವನ್ನು ನಂಬಿ ನಿಜವಾಗಿ ಹೊರಗೆ ನಿಂತವಳು ಇವಳೊಬ್ಬಳೇ. ಅದೂ ಬೀಗವೇ ಇಲ್ಲದ ಗೇಟಿಗೆ. ಅವರಿಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ.

"ಪುಷ್ಪಾ, ಫೋನ್ ತೆಗಿ. ನನ್ ಕೈ ಖಾಲಿ ಇಲ್ಲ."

ಪುಷ್ಪಮ್ಮ ಒಂದೇ ಕಡ್ಡಿಯ ಸಿಗ್ನಲ್ಲಿನಲ್ಲಿ ಲೈವ್ ತೆರೆದು, ಗಂಡನ ಪರವಾಗಿ "ಹಾಜರ್" ಎಂದು ಒತ್ತಿದರು. ಹತ್ತೂ ಇಪ್ಪತ್ತಮೂರು. ಸ್ಪ್ಯಾನರ್ ಚಿತ್ರದ ಹೆಸರು ಕಾಣಿಸಿದ್ದೇ ತಡ, ಕಲ್ಲಪ್ಪ ಕಾಯುತ್ತಿದ್ದವನಂತೆ ಬರೆದ: "ಟೋಕನ್ ಒಂದು ತಡ! ಹದಿನೆಂಟು ನಿಮಿಷ!" ಹದಿನಾರು ನಂಬರಿನಾಕೆ: "ಗೇಟ್ ಬಂದ್ ಆಗಿದೆ ಅಂಕಲ್, ಗೋಡೆ ಹಾರಿ." ಮಸ್ಕತ್‌ನವರು: "ಅರ್ಧ ದಿನ ಹಾಕಿ, ಬಿಡ್ಬೇಡಿ." ಮಂಜುಶ್ರೀ ಮಿಷನ್ ನಿಲ್ಲಿಸಿ ನಗುತ್ತಿದ್ದಳು. "ಅಂಕಲ್, ಎಲ್ರೂ ನಿಮ್ಮನ್ನೇ ಕೇಳ್ತಿದಾರೆ. ಇಪ್ಪತ್ತು ನಿಮಿಷದಿಂದ ಒಂದು ಹೊಲಿಗೆ ಹಾಕಕ್ಕೆ ಬಿಟ್ಟಿಲ್ಲ. ಎಲ್ಲಿದೀರಾ?"

ಅನುಷಾ ತನ್ನ ಫೋನಿನಲ್ಲಿ, ಹೂವಪ್ಪನವರು ಒಂದು ಅಕ್ಷರ ಒತ್ತುವಷ್ಟರಲ್ಲಿ, ಇಷ್ಟೆಲ್ಲ ಬರೆದುಬಿಟ್ಟಳು: "ಟೋಕನ್ 23 ಹಾಜರ್. ಅಂಕಲ್ ನಮ್ಮನೇಲಿದಾರೆ. ನಮ್ಮ ಮಗು ಎತ್ಕೊಂಡಿದ್ರು, ಅದಕ್ಕೇ ತಡ. ಅಕ್ಕಾ, ಬ್ಲೌಸ್ ತುಂಬಾ ಚೆನ್ನಾಗಿದೆ."

ಸಾಗರದಿಂದ ಮಸ್ಕತ್‌ವರೆಗೆ "ಅಯ್ಯೋ" ಎಂದು ಬರೆದರು. ಮಗು ಹೇಗಿದೆ, ಯಾರ ಹಾಗಿದೆ, ಎಷ್ಟು ತೂಕ. ಬ್ಲೌಸ್ ಅಲ್ಲಿಗೇ ನಿಂತಿತು.

ಊರಿಗೆ ಮರಳುವ ಬಸ್ಸಿನಲ್ಲಿ ಹೂವಪ್ಪನವರು ಪುಸ್ತಕ ತೆಗೆದು, ತಮ್ಮ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ತಡ ಎಂದು ಬರೆದುಕೊಂಡರು. "ಒಂದೇ ಸಲ ಅಲ್ವಾ, ಬಿಡಿ" ಎಂದರು ಪುಷ್ಪಮ್ಮ. "ರೂಲ್ಸು ಎಲ್ಲರಿಗೂ ಒಂದೇ," ಎಂದರು ಇವರು. ಅಷ್ಟು ಸಂತೋಷದಿಂದ ಯಾರಿಗೂ ಅವರು ತಡ ಬರೆದಿರಲಿಲ್ಲ. ಅನುಷಾಳ ಅರ್ಧ ದಿನವನ್ನು ಹಸಿರು ಪೆನ್ನಿನಲ್ಲಿ ಹೊಡೆದುಹಾಕಿದರು. ಅಪರಿಚಿತನ ಪುಟವನ್ನು ಹರಿದು ಕಿಟಕಿಯ ಹೊರಗೆ ಎಸೆಯಲು ಹೋದರು. ಪುಷ್ಪಮ್ಮ ಕೈ ಹಿಡಿದು ಬ್ಯಾಗಿಗೆ ಹಾಕಿಸಿದರು.

ಸ್ಪ್ಯಾನರ್ ಈಗಲೂ ಹೂವಪ್ಪನವರ ಬಳಿಯೇ ಇದೆ. ಸೋಮವಾರದಿಂದ ಹೊಸ ಆದೇಶ ಜಾರಿಗೆ ಬಂದಿದೆ: ಹತ್ತೂ ಐದಕ್ಕೆ ಗೇಟ್ ಬಂದ್, ಹತ್ತೂ ಇಪ್ಪತ್ತಕ್ಕೆ ಬಾಣಂತಿ ಶಿಫ್ಟಿಗಾಗಿ ಮತ್ತೆ ತೆರೆಯಲಾಗುವುದು. ಬಾಣಂತಿ ಶಿಫ್ಟಿಗೆ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಕಲ್ಲಪ್ಪ ಲಿಖಿತ ಅರ್ಜಿ ಹಾಕಿದ್ದಾನೆ. ಅರ್ಜಿ ಪರಿಶೀಲನೆಯಲ್ಲಿದೆ.